ಬಿಸಿಯ ಲೆಕ್ಕ ಮೊದಲು: ಅಣು ಇಂಧನ, ಆಳದ ಬಂಡೆ, ದ್ರವ ಹೀಲಿಯಂ – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಿಯಾಕ್ಟರ್ ನಿಲ್ಲಿಸಿದರೆ ಸರಪಳಿ ಕ್ರಿಯೆ ನಿಂತೇ ಹೋಗುತ್ತದಲ್ಲ? ಆಮೇಲೂ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಡುವುದೇಕೆ? ನೇರವಾಗಿ ಆಳದಲ್ಲಿ ಹೂತುಬಿಟ್ಟರೆ ಆಗದೇ?

ನಿಲ್ಲುವುದು ವಿದಳನ (ಪರಮಾಣು ಸೀಳುವುದು) ಮಾತ್ರ. ವಿದಳನದಿಂದ ಹುಟ್ಟಿದ ಪರಮಾಣುಗಳು ಬೀಟಾ, ಗಾಮಾ ಕಿರಣಗಳನ್ನು ಸೂಸುತ್ತಲೇ ಇರುತ್ತವೆ, ಆ ಕಿರಣಗಳು ಇಂಧನದಲ್ಲೇ ಹೀರಿಹೋಗಿ ಬಿಸಿಯಾಗುತ್ತವೆ. ಇದೇ ಕ್ಷಯಶಾಖ. 3000 ಮೆಗಾವಾಟ್ ಶಾಖ ಕೊಡುವ ರಿಯಾಕ್ಟರ್ ಒಂದನ್ನು ತೆಗೆದುಕೊಳ್ಳಿ. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ 7ರಷ್ಟು, ಅಂದರೆ ಸುಮಾರು 200 ಮೆಗಾವಾಟ್ ಬರುತ್ತಲೇ ಇರುತ್ತದೆ. ಗಂಟೆಯ ನಂತರ 45, ಒಂದು ದಿನ ಕಳೆದ ಮೇಲೂ 15 ಮೆಗಾವಾಟ್ ಆಸುಪಾಸು. ಇದನ್ನು ಆರಿಸುವ ಗುಂಡಿ ಎಲ್ಲೂ ಇಲ್ಲ. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪವಾದಾಗ ರಿಯಾಕ್ಟರುಗಳು ಸರಿಯಾಗಿಯೇ ನಿಂತಿದ್ದವು. ಸುನಾಮಿಯಿಂದ ವಿದ್ಯುತ್ ಹೋಗಿ ನೀರು ಹರಿಯುವುದು ತಪ್ಪಿತು, ಇಂಧನವನ್ನು ಕರಗಿಸಿದ್ದು ಈ ಕ್ಷಯಶಾಖ.

ಮೊದಲ ಕೆಲವು ವರ್ಷ ಬಿಸಿ ಬೇಗ ಇಳಿಯುತ್ತದೆ. ಹತ್ತು ವರ್ಷ ದಾಟಿದ ಮೇಲೆ ಉಳಿಯುವ ಬಿಸಿಯಲ್ಲಿ ದೊಡ್ಡ ಪಾಲು ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90ರದ್ದು. ಎರಡರ ಅರ್ಧಾಯುಷ್ಯವೂ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) 30 ವರ್ಷದ ಹತ್ತಿರ. ಹಾಗಾಗಿ 40 ವರ್ಷ ಕಾದರೆ ಒಳ್ಳೆಯ ಲಾಭವಿದೆ. ಅಲ್ಲಿಂದ ಮುಂದೆ ಕಾಯುತ್ತ ಹೋದಷ್ಟೂ ಲಾಭ ಕಡಿಮೆ, ಏಕೆಂದರೆ ಅಮೆರಿಸಿಯಂ-241ರಂಥ ನಿಧಾನದ ವಸ್ತುಗಳು (ಅರ್ಧಾಯುಷ್ಯ 432 ವರ್ಷ) ಮುಂದೆ ಬರುತ್ತವೆ.

ಬೇಗ ಹೂಳಬಾರದು ಎನ್ನಲು ಕಾರಣ ಇಂಧನ ತುಂಬಿದ ಡಬ್ಬಿಯಲ್ಲ, ಅದರ ಸುತ್ತಲಿನ ಜೇಡಿ. ಫಿನ್ಲೆಂಡ್‌ನ ಓಲ್ಕಿಲುಒಟೊದಲ್ಲಿ, ನೆಲದಿಂದ 400 ಮೀಟರಿಗೂ ಕೆಳಗೆ ಬಳಸಿದ ಇಂಧನ ಹೂಳಲೆಂದೇ ಕೊರೆದಿರುವ ಓಂಕಾಲೊ ನೆಲೆಯ ವಿನ್ಯಾಸ ನೋಡಿ. ಇಂಧನವನ್ನು ಎರಕದ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, 5 ಸೆಂ.ಮೀ. ದಪ್ಪದ ತಾಮ್ರದ ಡಬ್ಬಿಯಲ್ಲಿ ಮುಚ್ಚುತ್ತಾರೆ. ಡಬ್ಬಿಯನ್ನು ಸುಮಾರು 1.75 ಮೀಟರ್ ವ್ಯಾಸದ, 8 ಮೀಟರ್ ಆಳದ ಗುಂಡಿಗೆ ಇಳಿಸಿ ಸುತ್ತಲೂ 35 ಸೆಂ.ಮೀ. ಬೆಂಟೊನೈಟ್ ಜೇಡಿಯ ಅಚ್ಚುಗಳನ್ನು ತುಂಬುತ್ತಾರೆ. ಈ ಜೇಡಿ ನೀರು ಕುಡಿದು ಉಬ್ಬಬೇಕು, ಉಬ್ಬಿ ಪ್ರತಿ ಸಂದನ್ನೂ ಬಿಗಿಯಾಗಿ ಮುಚ್ಚಬೇಕು. 100 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದರ ಖನಿಜವೇ ಬದಲಾಗಿ ಉಬ್ಬುವ ಗುಣ ಕುಂದುವ ಭಯವಿದೆ. ಆದ್ದರಿಂದ ಜೇಡಿ 100 ಡಿಗ್ರಿಯ ಕೆಳಗೇ ಇರಬೇಕೆಂಬುದು ಇಡೀ ವಿನ್ಯಾಸವನ್ನು ಹಿಡಿದಿಟ್ಟ ನಿಯಮ. ಒಂದು ಗುಂಡಿಗೂ ಇನ್ನೊಂದಕ್ಕೂ ಎಷ್ಟು ದೂರ, ಒಂದು ಡಬ್ಬಿಯಲ್ಲಿ ಎಷ್ಟು ಇಂಧನ, ಎಷ್ಟು ವರ್ಷ ಕಾಯಬೇಕು, ಎಲ್ಲವೂ ಇದರಿಂದಲೇ ಹೊರಡುತ್ತವೆ.

ಲೆಕ್ಕ ಕೈಯಲ್ಲೇ ಮಾಡಬಹುದು. ಡಬ್ಬಿಯೊಂದರ ಬಿಸಿ 1700 ವಾಟ್, ಮೈಯ ವಿಸ್ತೀರ್ಣ ಸುಮಾರು 17 ಚದರ ಮೀಟರ್ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 100 ವಾಟ್ ಹೊರಹೋಗಬೇಕು. ಒದ್ದೆ ಬೆಂಟೊನೈಟ್‌ನ ಉಷ್ಣವಾಹಕತೆ (ಶಾಖ ದಾಟಿಸುವ ಗುಣ) ಪ್ರತಿ ಮೀಟರ್, ಪ್ರತಿ ಡಿಗ್ರಿಗೆ ಸುಮಾರು 1 ವಾಟ್ ಆದರೆ, 35 ಸೆಂ.ಮೀ. ಜೇಡಿ ದಾಟಲು 30 ಡಿಗ್ರಿಯಷ್ಟು ಅಂತರ ಸಾಕು. ಆದರೆ ಡಬ್ಬಿಗೂ ಜೇಡಿಗೂ ನಡುವೆ ಕೇವಲ 1 ಸೆಂ.ಮೀ. ಗಾಳಿಯ ಸಂದು ಉಳಿದರೆ, ಬರೀ ವಹನದ ಲೆಕ್ಕದಲ್ಲಿ ಅಲ್ಲೇ 38 ಡಿಗ್ರಿ ಬೀಳುತ್ತದೆ! ಶಾಖ ವಿಕಿರಣವಾಗಿಯೂ ದಾಟುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆ. ಆದರೂ ಬೆರಳಗಲದ ಗಾಳಿ ಮೊಳದುದ್ದದ ಜೇಡಿಗೆ ಸರಿಸಾಟಿಯಾಗಿ ನಿಲ್ಲುತ್ತದೆ. ಅದಕ್ಕೇ ಗುಂಡಿಯ ವ್ಯಾಸ, ನೇರ, ಅಚ್ಚುಗಳ ಅಳತೆ ಮಿಲಿಮೀಟರ್ ಲೆಕ್ಕದಲ್ಲಿ ಕೂಡಿಬರಬೇಕು. ಒಣ ಬಂಡೆ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ಪೂರ್ತಿ ಒಣಗಿದ ಗುಂಡಿಯಲ್ಲಿ ಜೇಡಿ ಉಬ್ಬಲು ಬಹುಕಾಲ ಹಿಡಿಯುತ್ತದೆ, ಸಂದು ಹಾಗೇ ಉಳಿಯುತ್ತದೆ, ಡಬ್ಬಿ ಹೆಚ್ಚು ಕಾಯುತ್ತದೆ. ನೀರು ರಭಸವಾಗಿ ನುಗ್ಗಿದರೆ ಜೇಡಿಯೇ ಕೊಚ್ಚಿಹೋಗುತ್ತದೆ. ಹನಿಹನಿಯಾಗಿ ಜಿನುಗುವ ಬಂಡೆಯೇ ಇಲ್ಲಿಗೆ ತಕ್ಕದ್ದು.

ಪ್ರಶ್ನೆ: ಬಿರುಕೇ ಇಲ್ಲದ ಗಟ್ಟಿ ಗ್ರಾನೈಟ್‌ನಲ್ಲಿ ಸುರಂಗ ಕೊರೆದರೂ ಗೋಡೆಯಿಂದ ಚಕ್ಕೆಗಳು ಸಿಡಿಯುತ್ತವೆ ಎಂದು ಓದಿದೆ. ಗಟ್ಟಿ ಬಂಡೆಗೆ ರಾಕ್ ಬೋಲ್ಟ್ (ಬಂಡೆಯೊಳಗೆ ಕೂರಿಸುವ ಉಕ್ಕಿನ ಸರಳು) ಯಾಕೆ ಬೇಕು?

ಬಂಡೆ ಗಟ್ಟಿ ಇದ್ದಷ್ಟೂ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟಾಗ ಒಮ್ಮೆಗೇ ಬಿಡುತ್ತದೆ. ಮೇಲಿನ ಬಂಡೆಯ ಭಾರವೊಂದೇ ಪ್ರತಿ 100 ಮೀಟರಿಗೆ ಸುಮಾರು 2.7 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಎಂದರೆ ವಾತಾವರಣದ ಒತ್ತಡದ ಸುಮಾರು ಹತ್ತು ಪಟ್ಟು). ಹಳೆಯ ಗಟ್ಟಿ ಶಿಲೆಗಳಲ್ಲಿ ಅಡ್ಡ ಒತ್ತಡ ಇದಕ್ಕಿಂತ ಹಲವು ಪಟ್ಟು ಇರುವುದು ಅಪರೂಪವಲ್ಲ. ಗುಂಡನೆಯ ಸುರಂಗ ಕೊರೆದಾಗ ಗೋಡೆಯ ಮೇಲಿನ ಗರಿಷ್ಠ ಒತ್ತಡ ತಿಳಿಯಲು ಸರಳ ಸೂತ್ರವಿದೆ: ಎರಡು ದಿಕ್ಕಿನಿಂದ ಬಂಡೆಯನ್ನು ಒತ್ತುವ ಒತ್ತಡಗಳಲ್ಲಿ ದೊಡ್ಡದರ ಮೂರು ಪಟ್ಟಿನಿಂದ ಚಿಕ್ಕದನ್ನು ಕಳೆಯಿರಿ. ಕೆನಡಾದ ಮ್ಯಾನಿಟೋಬಾದ ಭೂಗತ ಪ್ರಯೋಗಾಲಯದಲ್ಲಿ 420 ಮೀಟರ್ ಆಳದಲ್ಲಿ ದೊಡ್ಡ ಒತ್ತಡ ಸುಮಾರು 60, ಚಿಕ್ಕದು ಸುಮಾರು 11 ಮೆಗಾಪಾಸ್ಕಲ್. ಲೆಕ್ಕ ಹಾಕಿದರೆ ಸುರಂಗದ ಮಾಡಿನಲ್ಲೂ (ಛಾವಣಿ) ನೆಲದಲ್ಲೂ 169 ಬರುತ್ತದೆ. ಅಲ್ಲಿ 3.5 ಮೀಟರ್ ವ್ಯಾಸದ ಪ್ರಯೋಗ ಸುರಂಗವನ್ನು ಸ್ಫೋಟಕವನ್ನೇ ಬಳಸದೆ, ಸಾಲು ರಂಧ್ರ ಕೊರೆದು ಬಂಡೆ ಸೀಳಿ ತೆಗೆದರು. ಆದರೂ ಮಾಡು, ನೆಲ ಎರಡರಲ್ಲೂ ಚಕ್ಕೆ ಚಕ್ಕೆಯಾಗಿ ಕಳಚಿ ಚೂಪಾದ ಕಚ್ಚು ಬಿತ್ತು. ತಪ್ಪು ಸ್ಫೋಟಕದ್ದಲ್ಲ, ಒತ್ತಡದ್ದೇ ಎಂದು ಇದರಿಂದ ಖಚಿತವಾಯಿತು.

ಪ್ರಯೋಗಾಲಯದಲ್ಲಿ ಬಂಡೆಯ ತುಂಡು 200 ಮೆಗಾಪಾಸ್ಕಲ್ ತಡೆದಿತ್ತು, ಆದ್ದರಿಂದ 169 ಸುರಕ್ಷಿತ ಎಂದು ಲೆಕ್ಕ ಹಾಕುವವರು ಇಲ್ಲಿ ಮುಗ್ಗರಿಸುತ್ತಾರೆ. ಗೋಡೆಯಲ್ಲಿ ಚಕ್ಕೆ ಏಳುವುದು ಆ ಬಲದ ಅರ್ಧದಿಂದ ಶೇ 60ರೊಳಗೇ. ಹೂತ ಇಂಧನದ ಬಿಸಿಯೂ ಇದಕ್ಕೆ ಕೂಡುತ್ತದೆ. ಹಿಗ್ಗಲು ಜಾಗವಿಲ್ಲದ ಗ್ರಾನೈಟ್ ಒಂದು ಡಿಗ್ರಿ ಬಿಸಿಯೇರಿದರೆ ಅರ್ಧ ಮೆಗಾಪಾಸ್ಕಲ್ ಮೇಲೆ ಒತ್ತಡ ಹೆಚ್ಚುತ್ತದೆ. 30 ಡಿಗ್ರಿ ಎಂದರೆ 15ಕ್ಕಿಂತ ಹೆಚ್ಚು. ಕೊರೆದಾಗ ಚೆನ್ನಾಗಿಯೇ ಇದ್ದ ಗುಂಡಿ ಬಿಸಿಯಾದ ಮೇಲೆ ಸಿಪ್ಪೆ ಬಿಡಬಹುದು.

ಇನ್ನು ಬೋಲ್ಟ್. ಸ್ವೀಡನ್‌ನ ಆಸ್ಪೊ ಪ್ರಯೋಗಾಲಯದಲ್ಲಿ 450 ಮೀಟರ್ ಆಳದಲ್ಲಿ ಪಕ್ಕಪಕ್ಕ ಎರಡು ದೊಡ್ಡ ಗುಂಡಿ ಕೊರೆದು, ನಡುವೆ ಒಂದು ಮೀಟರ್ ಕಂಬದಂತೆ ಬಂಡೆ ಬಿಟ್ಟು, ಅದನ್ನು ಕಾಯಿಸಿ ನೋಡಿದರು. ಒಂದು ಗುಂಡಿಯ ಗೋಡೆಗೆ ಒಳಗಿನಿಂದ ಒಂದು ಮೆಗಾಪಾಸ್ಕಲ್‌ಗಿಂತಲೂ ಕಡಿಮೆ ಒತ್ತಡ ಕೊಟ್ಟಿದ್ದರು. ಚಕ್ಕೆ ಎದ್ದದ್ದು ಒತ್ತಡ ಕೊಡದ ಗುಂಡಿಯಲ್ಲಿ. ನೂರಕ್ಕೂ ಹೆಚ್ಚು ಮೆಗಾಪಾಸ್ಕಲ್ ಎದುರಿಗೆ ಇಷ್ಟು ಸಣ್ಣ ಆಸರೆ ಸಾಕಾಯಿತು! ಬೋಲ್ಟ್, ಜಾಲರಿ, ಶಾಟ್‌ಕ್ರೀಟ್ (ಗೋಡೆಗೆ ಸಿಂಪಡಿಸುವ ಕಾಂಕ್ರೀಟ್) ಮಾಡುವ ಕೆಲಸವೂ ಇದೇ. ಅವು ಬೆಟ್ಟವನ್ನು ಹೊರುವುದಿಲ್ಲ, ಮೊದಲ ಚಕ್ಕೆ ಕಳಚದಂತೆ ಒತ್ತಿ ಹಿಡಿಯುತ್ತವೆ. ಮೊದಲನೆಯದು ಉಳಿದರೆ ಅದರ ಹಿಂದಿನದೂ ಉಳಿಯುತ್ತದೆ.

ಕೆಲಸದಲ್ಲಿ ಕೆಡುವುದು ಹೆಚ್ಚಾಗಿ ಗ್ರೌಟ್, ಅಂದರೆ ಸರಳಿನ ಸುತ್ತ ರಂಧ್ರಕ್ಕೆ ತುಂಬುವ ಸಿಮೆಂಟ್ ಗಾರೆ. 25 ಮಿ.ಮೀ. ಸರಳು ಸೋತು ಹಿಗ್ಗತೊಡಗಲು ಸುಮಾರು 25 ಟನ್ ಎಳೆತ ಬೇಕು, ಆದರೆ ಆ ಬಲ ಬಂಡೆಗೆ ತಲುಪುವುದು ಗ್ರೌಟ್ ಮೂಲಕ. ನೀರು–ಸಿಮೆಂಟ್ ತೂಕದ ಪ್ರಮಾಣ 0.35 ಆಸುಪಾಸು ಇರಲಿ. ತೆಳ್ಳಗಾದರೆ ಮಾಡಿನ ರಂಧ್ರದಿಂದ ಸೋರಿ, ಒಳತುದಿ ಬರಿದಾಗಿ ಉಳಿಯುತ್ತದೆ. ಹೊರಗೆ ಪ್ಲೇಟ್, ನಟ್ ಎಲ್ಲ ಚೆನ್ನಾಗಿಯೇ ಕಾಣುತ್ತವೆ, ಅದೇ ಅಪಾಯ. ಗ್ರೌಟ್ ಕೊಳವೆಯನ್ನು ರಂಧ್ರದ ಕೊನೆಯವರೆಗೆ ತಳ್ಳಿ, ತುಂಬುತ್ತ ತುಂಬುತ್ತ ಹಿಂದಕ್ಕೆ ಎಳೆಯಬೇಕು. ಪ್ಲೇಟ್ ಬಂಡೆಗೆ ಪೂರ್ತಿ ಕೂತಿರಬೇಕು. ಬೋಲ್ಟ್ ಹಾಕುವ ಮುಂಚೆ ಕಬ್ಬಿಣದ ಹಾರೆಯಿಂದ ಮಾಡನ್ನು ತಟ್ಟಿ ನೋಡುವುದನ್ನು ಯಂತ್ರ ಬಂದರೂ ಬಿಡಬೇಡಿ: ಖಣಖಣ ಎಂದರೆ ಬಂಡೆ ಕೂಡಿಕೊಂಡಿದೆ, ಬೊದ್ದ ಸದ್ದು ಬಂದರೆ ಹಿಂದೆ ಟೊಳ್ಳಿದೆ. ಬಂಡೆ ಸ್ಫೋಟಿಸುವಂಥ ಆಳದಲ್ಲಿ ಪೂರ್ತಿ ಗ್ರೌಟ್ ಮಾಡಿದ ಬಿಗಿ ಸರಳು ಬಿರುಕಿನ ಜಾಗದಲ್ಲೇ ತುಂಡಾಗುತ್ತದೆ. ಅಲ್ಲಿ ಹಿಗ್ಗಿ ಶಕ್ತಿ ಹೀರುವ ಬೋಲ್ಟ್ ಬೇರೆಯೇ ಇದೆ, ಅದನ್ನೇ ಹಾಕಬೇಕು.

ಪ್ರಶ್ನೆ: ಅಣು ಇಂಧನ ಹೂಳುವ ಸುರಂಗದಲ್ಲಿ ಮಾಮೂಲಿ ಸಿಮೆಂಟ್ ಬಳಸಬಾರದೇಕೆ?

ಮಾಮೂಲಿ ಸಿಮೆಂಟ್‌ನಿಂದ ಇಳಿಯುವ ನೀರಿನ ಪಿಎಚ್ 12.5 ದಾಟುತ್ತದೆ. ಅಷ್ಟು ಕ್ಷಾರ ಬೆಂಟೊನೈಟನ್ನು ಕೆಡಿಸುತ್ತದೆ. ಜೇಡಿಯ ಹತ್ತಿರ ಸಿಲಿಕಾ ಫ್ಯೂಮ್ (ಸಿಲಿಕಾದ ಅತಿ ನಯವಾದ ಪುಡಿ) ಹೆಚ್ಚು ಬೆರೆಸಿ ಪಿಎಚ್ 11ರೊಳಗೆ ಇಳಿಸಿದ ಸಿಮೆಂಟ್ ಬಳಸುತ್ತಾರೆ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ದ್ರವ ಹೀಲಿಯಂ ತುಂಬುವಾಗ ಡ್ಯೂವರ್ (ಹೀಲಿಯಂ ತರುವ ನಿರ್ವಾತ ಗೋಡೆಯ ಪಾತ್ರೆ) ಖಾಲಿಯಾಗುತ್ತ ಬರುತ್ತದೆ, ಕ್ರಯೋಸ್ಟಾಟ್‌ನಲ್ಲಿ (ಪ್ರಯೋಗದ ಶೀತಪಾತ್ರೆ) ಮಟ್ಟ ಏರುವುದೇ ಇಲ್ಲ. ಎಲ್ಲಿ ತಪ್ಪುತ್ತಿದೆ? (ಸಂಶೋಧನಾ ವಿದ್ಯಾರ್ಥಿ)

ಮೊದಲು ದ್ರವ ಹೀಲಿಯಂ ಎಷ್ಟು ದುರ್ಬಲ ಎಂದು ಮನಗಾಣಿ. ಒಂದು ಲೀಟರ್ ಆವಿಯಾಗಲು ಬೇಕಾದದ್ದು ಕೇವಲ 2.6 ಕಿಲೋಜೂಲ್. ಒಂದು ವಾಟ್ ಬಿಸಿ ಒಳಸೇರಿದರೆ ಗಂಟೆಗೆ 1.4 ಲೀಟರ್ ಹೋಯಿತು. ಕೋಣೆಯ ಉಷ್ಣತೆಯಲ್ಲಿರುವ ಒಂದು ಕಿಲೋ ತಾಮ್ರವನ್ನು ಬರೀ ಆವಿಯಾಗುವಿಕೆಯಿಂದ ದ್ರವ ಹೀಲಿಯಂನ ಉಷ್ಣತೆಯಾದ 4.2 ಕೆಲ್ವಿನ್‌ಗೆ (ಮೈನಸ್ 269 ಡಿಗ್ರಿ ಸೆಲ್ಸಿಯಸ್) ಇಳಿಸಲು 30 ಲೀಟರ್ ಬೇಕು. ಅದೇ ತಾಮ್ರ ದ್ರವ ನೈಟ್ರೋಜನ್‌ನ ಉಷ್ಣತೆಯಾದ 77 ಕೆಲ್ವಿನ್‌ನಲ್ಲಿದ್ದರೆ ಎರಡು ಲೀಟರ್ ಚಿಲ್ಲರೆ ಸಾಕು. ಆದ್ದರಿಂದ ದ್ರವ ನೈಟ್ರೋಜನ್‌ನಿಂದ ಮೊದಲೇ ತಣಿಸಿ. ಕೆಲವು ಗಂಟೆ ಬಿಡಿ, ಒಳಗಿನ ಭಾರದ ಭಾಗಗಳ ಉಷ್ಣಮಾಪಕವೂ 77ರ ಹತ್ತಿರ ತೋರಿಸಲಿ.

ಆಮೇಲಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು: ನೈಟ್ರೋಜನ್ ಪೂರ್ತಿ ಹೊರತೆಗೆಯುವುದು. ತಳದಲ್ಲಿ ಒಂದು ಲೀಟರ್ ಉಳಿದರೂ ಅದನ್ನು ಹೆಪ್ಪುಗಟ್ಟಿಸಿ ತಣಿಸಲು ಹತ್ತಾರು ಲೀಟರ್ ಹೀಲಿಯಂ ಆವಿಯಾಗಿ ಹೋಗುತ್ತದೆ. ನಿಮ್ಮ ಲಕ್ಷಣ ಇದಕ್ಕೇ ಹೆಚ್ಚು ಹೊಂದುತ್ತದೆ. ಪರೀಕ್ಷೆ ಸುಲಭ. ನೈಟ್ರೋಜನನ್ನು ಒತ್ತಡ ಕೊಟ್ಟು ಹೊರಹಾಕಿದ ಮೇಲೆ ಪಾತ್ರೆಯೊಳಗಿನ ಅನಿಲವನ್ನು ಪಂಪ್‌ನಿಂದ ಹೀರಿ. ಒತ್ತಡ 125 ಮಿಲಿಬಾರ್ ಹತ್ತಿರ ಬಂದು ಅಲ್ಲೇ ನಿಂತರೆ ಒಳಗೆ ನೈಟ್ರೋಜನ್ ಇದೆ, ಹೆಪ್ಪುಗಟ್ಟುತ್ತಿದೆ. ಪಂಪ್ ನಿಲ್ಲಿಸಿ, ಹೀಲಿಯಂ ಅನಿಲ ಬಿಟ್ಟು ಬೆಚ್ಚಗಾಗಿಸಿ, ಮತ್ತೆ ಹೊರಹಾಕಿ. ತಡೆಯಿಲ್ಲದೆ ಕೆಳಗಿಳಿದರೆ ಮಾತ್ರ ಹೀಲಿಯಂ ಅನಿಲ ತುಂಬಿ ಮುಂದುವರಿಯಿರಿ.

ತುಂಬುವಾಗ ಟ್ರಾನ್ಸ್‌ಫರ್ ಲೈನ್‌ನ (ಡ್ಯೂವರ್‌ನಿಂದ ದ್ರವ ಒಯ್ಯುವ ಕೊಳವೆ) ತುದಿ ಕ್ರಯೋಸ್ಟಾಟ್‌ನ ತಳಕ್ಕೆ ತಲುಪಿರಲಿ, ಡ್ಯೂವರ್ ಒತ್ತಡ 0.1 ಬಾರ್ ಮೀರದಿರಲಿ. ಆತುರ ಬೇಡ. 4.2 ಕೆಲ್ವಿನ್‌ನ ಅನಿಲ ಕೋಣೆಯ ಉಷ್ಣತೆಗೆ ಏರುವಾಗ ಹೀರುವ ಬಿಸಿ, ಆವಿಯಾಗುವಾಗ ಹೀರಿದ್ದರ 70 ಪಟ್ಟಿಗೂ ಹೆಚ್ಚು. ರಭಸವಾಗಿ ತಳ್ಳಿದರೆ ಈ ತಂಪು ಅನಿಲ ಏನನ್ನೂ ತಣಿಸದೆ ಹೊರಬೀಳುತ್ತದೆ, ದಂಡ. ಆಗಲೇ ಅರ್ಧ ತುಂಬಿರುವ ಪಾತ್ರೆಗೆ ಮತ್ತೆ ತುಂಬುವಾಗ ಮಾತ್ರ ತುದಿಯ ನಿಯಮ ತಿರುವುಮುರುವು: ತುದಿಯನ್ನು ದ್ರವದಲ್ಲಿ ಅದ್ದಬೇಡಿ. ಲೈನ್ ಮೊದಲು ಹೊರಗೇ ತಣ್ಣಗಾಗಿ ತುದಿಯಿಂದ ಬಿಳಿ ಜ್ವಾಲೆಯಂತೆ ದಟ್ಟ ಹೊಗೆ ಬಂದ ಮೇಲೆ ಒಳಗಿಳಿಸಿ. ಇಲ್ಲದಿದ್ದರೆ ಲೈನಿನ ಬೆಚ್ಚನೆ ಅನಿಲ ಇದ್ದ ದ್ರವವನ್ನೂ ಕುದಿಸಿಬಿಡುತ್ತದೆ.

ಲೈನ್ ನಡುವೆ ಎಲ್ಲಾದರೂ ಹಿಮ ಕಟ್ಟಿದರೆ ಅದರ ನಿರ್ವಾತ ಹೋಗಿದೆ. ಕ್ರಯೋಸ್ಟಾಟ್‌ನ ಹೊರಮೈ ಬೆವರಿದರೂ ಅದೇ ಅರ್ಥ. ಇವೆರಡೂ ಸರಿಯಿದ್ದರೆ ತಂತಿಗಳನ್ನು ನೋಡಿ. 0.1 ಮಿ.ಮೀ. ತಾಮ್ರದ ತಂತಿ, ಅರ್ಧ ಮೀಟರ್ ಉದ್ದ, 300ರಿಂದ 4 ಕೆಲ್ವಿನ್‌ಗೆ: ಒಂದೊಂದೂ ಸುಮಾರು 2.5 ಮಿಲಿವಾಟ್ ಒಳತರುತ್ತದೆ. 40 ತಂತಿ ಇದ್ದರೆ 0.1 ವಾಟ್, ದಿನಕ್ಕೆ ಮೂರು ಲೀಟರಿಗೂ ಹೆಚ್ಚು ಹೀಲಿಯಂ. ಶಾಖವನ್ನು ಕಡಿಮೆ ಸಾಗಿಸುವ ಮಿಶ್ರಲೋಹದ, ಅಂದರೆ ಮ್ಯಾಂಗನಿನ್ ಅಥವಾ ಫಾಸ್ಫರ್ ಬ್ರಾಂಜ್ ತಂತಿ ಹಾಕಿ, ಮೇಲೇಳುವ ತಂಪು ಅನಿಲ ಅವನ್ನು ಸವರಿಕೊಂಡು ಹೋಗುವಂತೆ ಇಡಿ.

ಡ್ಯೂವರ್ ಬಾಯಿಯನ್ನು ಎಂದೂ ತೆರೆದಿಡಬೇಡಿ. ಗಾಳಿ ಒಳಹೋಗಿ ಕೊರಳಲ್ಲಿ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ, ಒಳಗೆ ಒತ್ತಡ ಏರುತ್ತ ಹೋಗಿ ಪಾತ್ರೆ ಸಿಡಿಯಬಹುದು.

ಪ್ರಶ್ನೆ: ಇಷ್ಟು ಸೂಕ್ಷ್ಮ ಶೀತಯಂತ್ರಗಳನ್ನು ಬೆಟ್ಟದಡಿ ಒಯ್ಯುವ ಕಷ್ಟ ಯಾಕೆ?

ಸೂಕ್ಷ್ಮ ಮಾಪಕಗಳಿಗೆ ಸುಳ್ಳು ಸಂಕೇತ ಕೊಡುವ ಕಣಗಳಿಂದ ತಪ್ಪಿಸಿಕೊಳ್ಳಲು. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯುವಾನ್ ಎಂಬ ಕಣಗಳು ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂ.ಮೀ.ಗೆ ನಿಮಿಷಕ್ಕೊಂದರಂತೆ ಬೀಳುತ್ತವೆ. ಇಟಲಿಯ ಗ್ರಾನ್ ಸಾಸ್ಸೊ ಭೂಗತ ಪ್ರಯೋಗಾಲಯದಲ್ಲಿ 1400 ಮೀಟರ್ ಬಂಡೆ ಇದನ್ನು ಹತ್ತು ಲಕ್ಷ ಪಟ್ಟು ತಗ್ಗಿಸುತ್ತದೆ. ಅಲ್ಲಿ ಅತಿ ಅಪರೂಪದ ಪರಮಾಣು ಕ್ಷಯ ಹುಡುಕುವ ಕ್ಯುವೊರೆ ಪ್ರಯೋಗದಲ್ಲಿ 988 ಟೆಲುರಿಯಂ ಡೈಆಕ್ಸೈಡ್ ಹರಳುಗಳನ್ನು 10 ಮಿಲಿಕೆಲ್ವಿನ್ ಆಸುಪಾಸಿಗೆ ತಣಿಸಿದ್ದಾರೆ. ಇಂಥ ಹರಳಿನ ಶಾಖಧಾರಣೆ ಉಷ್ಣತೆಯ ಘನದಂತೆ ಕುಸಿಯುವುದರಿಂದ, ಒಂದೇ ಪರಮಾಣುವಿನ ಬೀಜ ಕ್ಷಯವಾಗಿ ಒಂದು ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಅತ್ಯಲ್ಪ ಶಕ್ತಿ ಬಿಟ್ಟರೂ ಮುಕ್ಕಾಲು ಕಿಲೋ ಹರಳು 0.1 ಮಿಲಿಕೆಲ್ವಿನ್ ಬಿಸಿಯೇರುತ್ತದೆ, ಅಷ್ಟನ್ನು ಅಳೆಯಬಹುದು.

ಆಳ ಹೆಚ್ಚಿದಷ್ಟೂ ಮ್ಯುವಾನ್ ಕಡಿಮೆ, ಬಂಡೆಯ ಕಾಟ ಹೆಚ್ಚು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳನ್ನು 1965ರಲ್ಲಿ ಗುರುತಿಸಿದ ಕೋಲಾರ ಚಿನ್ನದ ಗಣಿಯ ಪ್ರಯೋಗ ನಡೆದದ್ದು 2.3 ಕಿ.ಮೀ. ಆಳದಲ್ಲಿ. ಅಲ್ಲಿ ಮೇಲಿನ ಭಾರವೊಂದೇ 60 ಮೆಗಾಪಾಸ್ಕಲ್ ಮೀರುತ್ತದೆ. ಬಂಡೆ ತಾನೂ ಶುದ್ಧವಲ್ಲ. ಅದರ ಯುರೇನಿಯಂ, ಥೋರಿಯಂನಿಂದ ಗಾಮಾ ಕಿರಣ, ರೇಡಾನ್, ನ್ಯೂಟ್ರಾನ್ ಬರುತ್ತವೆ. ಸೀಸದ ಕವಚ ಹಾಕೋಣವೆಂದರೆ ಹೊಸ ಸೀಸದಲ್ಲೇ ಸೀಸ-210 ಎಂಬ ವಿಕಿರಣಶೀಲ ಸೀಸ ಇರುತ್ತದೆ. ಅದರ ಅರ್ಧಾಯುಷ್ಯ 22 ವರ್ಷವಾದ್ದರಿಂದ, ಕ್ಯುವೊರೆಯ ಒಳಕವಚಕ್ಕೆ ಮುಳುಗಿದ ಹಡಗಿನಿಂದ ತೆಗೆದ ರೋಮನ್ ಕಾಲದ ಸೀಸವನ್ನು ಹಾಕಿದ್ದಾರೆ.

ಪ್ರಶ್ನೆ: ಹೀಲಿಯಂ ವಿಷವಲ್ಲ, ಉರಿಯುವುದೂ ಇಲ್ಲ. ಸುರಂಗದಲ್ಲಿ ಅದಕ್ಕೆ ಇಷ್ಟು ಎಚ್ಚರಿಕೆ ಯಾಕೆ?

ಒಂದು ಲೀಟರ್ ದ್ರವ 700 ಲೀಟರಿಗೂ ಹೆಚ್ಚು ಅನಿಲವಾಗುತ್ತದೆ, ಅಷ್ಟೂ ಗಾಳಿಯನ್ನು ತಳ್ಳಿಹಾಕುತ್ತದೆ. 2008ರ ಸೆಪ್ಟೆಂಬರ್ 19ರಂದು ಜಿನೀವಾ ಬಳಿಯ ಕಣವೇಗವರ್ಧಕ ಎಲ್‌ಎಚ್‌ಸಿಯ ಸುರಂಗದಲ್ಲಿ ಎರಡು ಅತಿವಾಹಕ ಆಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಬೆಸುಗೆ ಕೆಟ್ಟು, ಕಿಡಿ ಹಾರಿ, ಹೀಲಿಯಂ ಆವರಣ ತೂತಾಗಿ ಟನ್‌ಗಟ್ಟಲೆ ಹೀಲಿಯಂ ಹೊರಬಂತು. ಒಳಗೆ ಯಾರೂ ಇರಲಿಲ್ಲ.

ಆಮ್ಲಜನಕ ಶೇ 19.5ಕ್ಕಿಂತ ಇಳಿದರೆ ಎಚ್ಚರಿಕೆ ಗಂಟೆ ಬಾರಿಸುವಂತೆ ಮಾಪಕ ಇಡಿ. ಶೇ 10ರ ಕೆಳಗೆ ಉಸಿರುಗಟ್ಟಿದ ಅನುಭವವೇ ಆಗದೆ ಪ್ರಜ್ಞೆ ತಪ್ಪುತ್ತದೆ. ಹೀಲಿಯಂ ಸುಮಾರು 40 ಕೆಲ್ವಿನ್ ದಾಟಿದ ಮೇಲೆ ಗಾಳಿಗಿಂತ ಹಗುರ, ಮಾಡಿಗೆ ಏರುತ್ತದೆ, ಆದ್ದರಿಂದ ಬಗ್ಗಿ ಹೊರಗೆ ಓಡಬೇಕು, ಮಾಪಕ ಮೇಲೆ ಇರಬೇಕು. ತಣ್ಣನೆಯ ನೈಟ್ರೋಜನ್ ನೆಲದಲ್ಲಿ, ಹಳ್ಳದಲ್ಲಿ ನಿಲ್ಲುತ್ತದೆ, ಅದಕ್ಕೆ ಕೆಳಗೂ ಒಂದು ಮಾಪಕ ಬೇಕು. ಕಣ್ಣಿಗೆ ಕಾಣುವ ಬಿಳಿ ಮಂಜು ಗಾಳಿಯ ನೀರಾವಿ, ಹೀಲಿಯಂ ಅಲ್ಲ. ಮಂಜು ಕರಗಿತೆಂದು ಒಳಗೆ ಹೋಗಬೇಡಿ, ಮಾಪಕದ ಅಂಕಿ ನೋಡಿ ಹೋಗಿ.