ಪಗಾರದ ಚೀಟಿ ಸ್ಪ್ಯಾನಿಷ್‌ನಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿಸಿ ಆನ್‌ಲೈನ್‌ನಲ್ಲಿ ಸ್ಪ್ಯಾನಿಷ್ ಕಲಿತೆ. ಈಗ ಮನೆಯಲ್ಲೇ ಕುಳಿತು ಅನುವಾದ ಮಾಡುತ್ತೇನೆ. ಪಗಾರ ಲೆಕ್ಕ ಹಾಕುವ ಒಂದು ಸಾಫ್ಟ್‌ವೇರ್‌ನ ಇಂಗ್ಲಿಷ್ ಪದಗಳು ಬಂದಿವೆ: ಸ್ಯಾಲರಿ, ವೇಜಸ್, ಅರ್ನಿಂಗ್ಸ್, ಪೇಮೆಂಟ್, ಫೀ, ಬೋನಸ್. ನಿಘಂಟು ತೆರೆದರೆ ಒಂದೊಂದಕ್ಕೂ ನಾಲ್ಕೈದು ಪದ. ಅರ್ನಿಂಗ್ಸ್‌ಗೆ ‘ಗನಾನ್ಸಿಯಾಸ್’ ಎಂದು ಬರೆದಿದ್ದೆ. ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಯಾಕೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಗೆರೆ ಎಳೆದವರ ಮೇಲೆ ಬೇಸರ ಬೇಡ, ಅವರು ಮಾಡಿದ್ದು ಸರಿ. ‘ಗನಾನ್ಸಿಯಾಸ್’ ಅಂದರೆ ಮುಖ್ಯವಾಗಿ ಲಾಭ. ಪಗಾರದ ಚೀಟಿಯಲ್ಲಿ ಇರುವ ಅರ್ನಿಂಗ್ಸ್ ಲಾಭ ಅಲ್ಲ. ಮೂಲ ಪಗಾರ, ಭತ್ಯೆ, ಓವರ್‌ಟೈಮ್ ಎಲ್ಲ ಕೂಡಿ ಕೆಲಸಗಾರರಿಗೆ ಬರಬೇಕಾದ ಹಣ ಅದು. ಅರ್ಜೆಂಟಿನಾದಲ್ಲಂತೂ ಆದಾಯ ತೆರಿಗೆಯ ಹೆಸರೇ ‘ಇಂಪುಎಸ್ತೊ ಆ ಲಾಸ್ ಗನಾನ್ಸಿಯಾಸ್’. ಜಾಸ್ತಿ ಪಗಾರ ಇರುವವರ ಚೀಟಿಯಲ್ಲಿ ಈ ಪದ ಕಾಣುವುದು ಕಡಿತದ ಕಡೆ. ಅದನ್ನೇ ತಂದು ಗಳಿಕೆಯ ಮೇಲೆ ತಲೆಬರಹ ಮಾಡಿದರೆ ಓದುವವರು ಗಲಿಬಿಲಿಯಾಗುತ್ತಾರೆ, ಅಲ್ವಾ?

ಹಾಗಾದರೆ ಏನು ಬರೆಯಬೇಕು? ಅದಕ್ಕೆ ಮೊದಲು ಕೆಲಸ ಕೊಟ್ಟವರನ್ನು ಒಂದು ಮಾತು ಕೇಳಿ: ಇದು ಯಾವ ದೇಶಕ್ಕೆ? ಸ್ಪೇನ್ ಆದರೆ ‘ದೆವೆಂಗೊಸ್’. ಅಲ್ಲಿನ ಚೀಟಿಯಲ್ಲಿ ಮೇಲೆ ದೆವೆಂಗೊಸ್, ಕೆಳಗೆ ‘ದೆದುಕ್ಸಿಯೋನೆಸ್’, ಕೊನೆಗೆ ಕೈಗೆ ಬರುವ ಮೊತ್ತ. ಮೆಕ್ಸಿಕೊ ಆದರೆ ‘ಪೆರ್ಸೆಪ್ಸಿಯೋನೆಸ್’. ಅರ್ಜೆಂಟಿನಾ, ಚಿಲಿ ಆದರೆ ‘ಅಬೇರೆಸ್’. ಇನ್ನು ಕಂಪನಿಯೊಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಅರ್ನಿಂಗ್ಸ್ ಬೇರೆಯೇ ವಿಷಯ. ಅದು ಸ್ಪೇನ್‌ನಲ್ಲಿ ‘ಬೆನೆಫಿಸಿಯೊಸ್’, ಮೆಕ್ಸಿಕೊದಲ್ಲಿ ‘ಉತಿಲಿದಾದೆಸ್’.

ಚೀಟಿಯ ಹೆಸರಿನಲ್ಲೂ ಎಚ್ಚರ ಬೇಕು. ಸ್ಪೇನ್‌ನಲ್ಲಿ ಸುಮ್ನೆ ‘ನೋಮಿನಾ’ ಅಂದರೆ ಸಾಕು. ಮೆಕ್ಸಿಕೊದಲ್ಲಿ ‘ರೆಸೀಬೊ ದೆ ನೋಮಿನಾ’, ಅರ್ಜೆಂಟಿನಾದಲ್ಲಿ ‘ರೆಸೀಬೊ ದೆ ಸುಎಲ್ದೊ’. ಚಿಲಿಯಲ್ಲಿ ‘ಲಿಕಿದಾಸಿಯೋನ್ ದೆ ಸುಎಲ್ದೊ’. ಈ ಕೊನೆಯದನ್ನು ಮೆಕ್ಸಿಕೊಗೆ ಕಳಿಸಲೇಬೇಡಿ. ಅಲ್ಲಿ ಕೆಲಸದ ವಿಷಯದಲ್ಲಿ ಲಿಕಿದಾಸಿಯೋನ್ ಅಂದರೆ ಕೆಲಸದಿಂದ ತೆಗೆದಾಗ ಕೊಡುವ ಪರಿಹಾರ. ‘ನಿಮ್ಮ ಲಿಕಿದಾಸಿಯೋನ್ ತಯಾರಿದೆ’ ಎಂದು ಬೆಳಗ್ಗೆ ಫೋನಿಗೆ ಬಂದರೆ ಮನೆ ನಡೆಸುವವರ ಎದೆ ಧಸಕ್ ಅನ್ನುತ್ತದೆ. ನಾನು ಹಿಂದೆ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಪಗಾರದ ಚೀಟಿಯನ್ನು ಜನ ಎಷ್ಟು ಗಮನವಿಟ್ಟು ಓದುತ್ತಾರೆ ಎಂಬುದನ್ನು ಅಲ್ಲಿ ನೋಡಿದ್ದೇನೆ. ಕತೆ, ಸುದ್ದಿ ಹಾಗೆ ಓದುವುದಿಲ್ಲ.

ಸ್ಯಾಲರಿಗೆ ‘ಸಲಾರಿಯೊ’, ‘ಸುಎಲ್ದೊ’ ಎರಡೂ ನಡೆಯುತ್ತವೆ. ಕಾನೂನಿನ ಕಾಗದದಲ್ಲಿ ಸಲಾರಿಯೊ ಜಾಸ್ತಿ, ಮಾತಿನಲ್ಲಿ ಸುಎಲ್ದೊ ಜಾಸ್ತಿ. ವೇಜಸ್ ಕಂಡ ಕೂಡಲೇ ‘ಹೋರ್ನಾಲ್’ ಎಂದು ಬರೆಯಬೇಡಿ. ಅದು ದಿನಗೂಲಿ, ಹೆಚ್ಚಾಗಿ ಹೊಲದ ಕೆಲಸದ್ದು. ತಾಸಿನ ಲೆಕ್ಕದಲ್ಲಿ ದುಡಿಯುವ ಕಾರ್ಖಾನೆಯವರಿಗೆ ‘ಸಲಾರಿಯೊ ಪೋರ್ ಓರಾ’ ಸರಿ.

ಪೇಮೆಂಟ್ ‘ಪಾಗೊ’. ಕೊಡುವುದು ‘ಪಗಾರ್’. ಕೇಳಿದ ಹಾಗಿದೆಯಲ್ಲಾ? ನಮ್ಮ ಕಡೆ ಎಲ್ಲರೂ ಆಡುವ ಪಗಾರ ಪೋರ್ಚುಗೀಸರಿಂದ ಮರಾಠಿಗೆ ಬಂದು, ಅಲ್ಲಿಂದ ನಮಗೆ ಬಂದದ್ದು. ಪೋರ್ಚುಗೀಸ್, ಸ್ಪ್ಯಾನಿಷ್ ಎರಡರಲ್ಲೂ ‘ಪಗಾರ್’ ಅಂದರೆ ಹಣ ಕೊಡು ಎಂಬ ಕ್ರಿಯಾಪದ. ಹಾಗಂತ ಸಂಬಳದ ಜಾಗದಲ್ಲಿ ಅದನ್ನು ಇಡಲು ಬರುವುದಿಲ್ಲ. ಇನ್ನೊಂದು, ಹಣ ಪಡೆಯುವವರ ಕಡೆಯಿಂದ ಹೇಳುವಾಗ ಕ್ರಿಯಾಪದವೇ ಬದಲಾಗುತ್ತದೆ: ‘ಕೋಬ್ರಾರ್’. ‘ನಿಮಗೆ ಪಗಾರ ಆಗುವ ದಿನ’ ಎಂಬುದಕ್ಕೆ ಇದೇ ಚೆಂದ. ಇಂಗ್ಲಿಷ್ ವಾಕ್ಯದಲ್ಲಿ ಪೇ ಎಂದಿದೆ ಎಂದು ಪಗಾರ್ ಹಾಕುತ್ತಾ ಹೋದರೆ ಅನುವಾದ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಫೀ ಅಂತೂ ಒಂದು ಪದದಲ್ಲಿ ಮುಗಿಯುವುದಿಲ್ಲ. ನೆಹರು ಗಂಜ್‌ನಲ್ಲಿ ತೊಗರಿ ಮಾರಿದ ಲೆಕ್ಕದಲ್ಲಿ ಅಡತ್ ಬೇರೆ, ಹಮಾಲಿ ಬೇರೆ. ಯಾರೂ ಎರಡನ್ನೂ ಕೂಡಿಸಿ ಒಂದೇ ಹೆಸರು ಹೇಳುವುದಿಲ್ಲ. ಸ್ಪ್ಯಾನಿಷ್ ಕೂಡ ಹಾಗೇ: ವಕೀಲರಿಗೆ, ಡಾಕ್ಟರಿಗೆ ‘ಒನೊರಾರಿಯೊಸ್’, ಬ್ಯಾಂಕಿಗೆ ‘ಕೊಮಿಸಿಯೋನ್’, ಸಂಘದ ಸದಸ್ಯತ್ವಕ್ಕೆ ‘ಕುವೋತಾ’, ಕಾಲೇಜಿಗೆ ಸೇರುವಾಗ ‘ಮಾತ್ರಿಕುಲಾ’.

ಬೋನಸ್ ವಿಷಯದಲ್ಲಿ ಸ್ವಲ್ಪ ಹೊತ್ತು ಕುಳಿತು ಯೋಚಿಸಿ. ಮೆಕ್ಸಿಕೊದ ‘ಅಗಿನಾಲ್ದೊ’ ಮಾಲೀಕರ ಖುಷಿಯ ಮೇಲೆ ಬರುವುದಲ್ಲ. ವರ್ಷಕ್ಕೆ ಕನಿಷ್ಠ 15 ದಿನದ ಪಗಾರವನ್ನು ಡಿಸೆಂಬರ್ 20ರೊಳಗೆ ಕೊಡಬೇಕು ಎಂದು ಅಲ್ಲಿನ ಕಾರ್ಮಿಕ ಕಾನೂನೇ ಹೇಳುತ್ತದೆ. ಅರ್ಜೆಂಟಿನಾದಲ್ಲಿ ಇದೇ ಹೆಸರಿನ ಹಣ ಎರಡು ಕಂತಿನಲ್ಲಿ ಬರುತ್ತದೆ, ಜೂನ್ ಮತ್ತು ಡಿಸೆಂಬರ್‌ನಲ್ಲಿ. ಸ್ಪೇನ್‌ನಲ್ಲಿ ವರ್ಷಕ್ಕೆ ಎರಡು ‘ಪಾಗಾ ಎಕ್ಸ್‌ತ್ರಾ’. ಆದ್ದರಿಂದಲೇ ಅಲ್ಲಿ ಕನಿಷ್ಠ ವೇತನವನ್ನು 14 ಕಂತಿನ ಲೆಕ್ಕದಲ್ಲಿ ಹೇಳುತ್ತಾರೆ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಕಂಪನಿ ಕೊಡುವ ಬೋನಸ್ ಬೇರೆ, ಅದಕ್ಕೆ ‘ಬೋನೊ’ ಅಥವಾ ‘ಇನ್ಸೆಂತಿವೊ’ ಸಾಕು. ಹಕ್ಕಿನ ಹಣಕ್ಕೆ ಬಹುಮಾನದ ಹೆಸರು ಇಟ್ಟರೆ, ಅದನ್ನು ಕೇಳಿ ಪಡೆಯಬಹುದು ಎಂಬುದೇ ಒಬ್ಬ ಹೊಸ ಕೆಲಸಗಾರನಿಗೆ ಗೊತ್ತಾಗದೆ ಹೋಗಬಹುದು. ನನಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ ಸಾಲು.

ಪ್ರಶ್ನೆ: ಮೊತ್ತ ಬರೆಯುವಾಗ ಕಾಮಾ, ಚುಕ್ಕೆ ಎಲ್ಲಿ ಇಡಬೇಕು?
– ಯಾದಗಿರಿಯಿಂದ

ಉತ್ತರ: ಸ್ಪೇನ್‌ನಲ್ಲಿ 1.250,50. ಮೆಕ್ಸಿಕೊದಲ್ಲಿ ನಮ್ಮ ಹಾಗೆ 1,250.50. ಲಕ್ಷದ ಕಾಮಾ ಎಲ್ಲೂ ಇಲ್ಲ. ಡಾಲರ್ ಚಿಹ್ನೆ ಕಂಡರೆ ಅದು ಪೆಸೊ ಇರಬಹುದು. ಮೆಕ್ಸಿಕೊ, ಅರ್ಜೆಂಟಿನಾ, ಚಿಲಿ, ಕೊಲಂಬಿಯಾ ನಾಲ್ಕೂ ಕಡೆ ಅದೇ ಚಿಹ್ನೆ.

ಪ್ರಶ್ನೆ: ಮೆಕ್ಸಿಕೊದ ಗಿರಾಕಿಯೊಬ್ಬರಿಗೆ ಅನುವಾದ ಮಾಡಿಕೊಟ್ಟೆ. ಹಣ ಬಂದಿಲ್ಲ. ಸ್ಪ್ಯಾನಿಷ್‌ನಲ್ಲೇ ಮರ್ಯಾದೆಯಿಂದ ಹೇಗೆ ಕೇಳುವುದು?
– ಬೀದರ್‌ನಿಂದ

ಉತ್ತರ: ಬಿಲ್ಲಿಗೆ ‘ಫಾಕ್ತೂರಾ’ ಎನ್ನುತ್ತಾರೆ. ‘ಲಾ ಫಾಕ್ತೂರಾ ಸಿಗೆ ಪೆಂದಿಯೆಂತೆ ದೆ ಪಾಗೊ’ ಎಂದು ಬರೆಯಿರಿ. ಬಿಲ್ಲಿನ ಹಣ ಇನ್ನೂ ಬಾಕಿ ಇದೆ ಎಂದರ್ಥ. ಇದರಲ್ಲಿ ಯಾರನ್ನೂ ದೂರಿದಂತೆ ಆಗುವುದಿಲ್ಲ. ಬಿಲ್ಲಿನ ನಂಬರು, ತಾರೀಖು, ಮೊತ್ತ ಹಾಕಿ, ಬಿಲ್ಲನ್ನು ಮತ್ತೊಮ್ಮೆ ಜೊತೆಗೆ ಕಳಿಸಿ. ಯಾವ ದಿನ ಹಣ ಹಾಕುತ್ತೀರಿ ಎಂದು ನೇರವಾಗಿ ಕೇಳಿ. ದುಡಿದ ಹಣ ಕೇಳುವಾಗ ಕ್ಷಮೆ ಕೇಳುತ್ತಾ ಶುರು ಮಾಡುವುದು ಬೇಡ. ಮುಂದಿನ ಕೆಲಸಕ್ಕೆ ಅರ್ಧ ಹಣ ಮೊದಲೇ ಕೇಳಿಕೊಳ್ಳಿ, ಅದಕ್ಕೆ ‘ಅಂತಿಸೀಪೊ’ ಎನ್ನುತ್ತಾರೆ.