ಮಷಿನ್ ಬಂದರೆ ಕೆಲಸ ಹೋಗುತ್ತಾ? ಮತ್ತೆ ಅದೇ ಪ್ರಶ್ನೆ!

ಗಂಗಾವತಿಯಲ್ಲಿ ಕೂತು ಕೈಗಾರಿಕಾ ಕ್ರಾಂತಿಯ ಪಾಠ ಮಾಡಿ ನಿವೃತ್ತನಾದವನು ನಾನು. ಜ್ಯೋತಿಷಿಯಲ್ಲ. ಆದರೂ ಬರುವ ಪತ್ರಗಳೆಲ್ಲ ಭವಿಷ್ಯ ಕೇಳುವವೇ. ಒಂದಕ್ಕೆ ಮಾತ್ರ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಸರ್, ನಮ್ಮವ್ವ ನೆಲ್ಲು ಕೊಯ್ಯೋಕೆ ಹೋಗ್ತಿದ್ದಳು. ಕಟಾವು ಮಷಿನ್ ಬಂದು ಆ ಕೂಲಿ ಹೋಯಿತು. ನಾನು ಬಿ.ಕಾಂ. ಓದುತ್ತಿದ್ದೇನೆ. ಎಐ ಬಂದರೆ ನನಗೂ ಇದೇ ಗತಿನಾ? ಹಳೇ ಕೆಲಸ ಹೋದರೆ ಹೊಸದು ಬಂದೇ ಬರುತ್ತೆ ಅಂತಾರೆ ನಮ್ಮ ಲೆಕ್ಚರರ್. (ಕಾರಟಗಿ)

ಉತ್ತರ: ಬರುತ್ತೆ. ಯಾರಿಗೆ, ಯಾವ ಊರಲ್ಲಿ, ಎಷ್ಟು ವರ್ಷಕ್ಕೆ ಅಂತ ನಿಮ್ಮ ಲೆಕ್ಚರರ್ ಹೇಳಲಿಲ್ಲ, ಅಲ್ವಾ?

ಇಂಗ್ಲೆಂಡಿನ ಕೈಮಗ್ಗದವರನ್ನು ನೋಡಿ. 1760ರ ದಶಕದಲ್ಲಿ ನೂಲುವ ಯಂತ್ರ ಬಂತು. ಮನೆಯಲ್ಲಿ ನೂಲುತ್ತಿದ್ದ ಹೆಂಗಸರ ಕೆಲಸ ಹೋಯಿತು. ಆದರೆ ನೂಲು ರಾಶಿ ಬಿತ್ತು, ನೇಯುವವರೇ ಸಾಲದಾದರು, ಅವರ ಕೂಲಿ ಏರಿತು. ಇದೇ ಶಾಶ್ವತ ಅಂದುಕೊಂಡು ಮಕ್ಕಳನ್ನೂ ಮಗ್ಗಕ್ಕೆ ಕೂರಿಸಿದರು. 1785ರಲ್ಲಿ ಕಾರ್ಟ್‌ರೈಟ್ ಎಂಬಾತ ಪವರ್‌ಲೂಮ್‌ಗೆ, ಅಂದರೆ ಯಂತ್ರದ ಮಗ್ಗಕ್ಕೆ, ಪೇಟೆಂಟ್ ಪಡೆದ. ಅದು ಪಳಗಲು ಹತ್ತಾರು ವರ್ಷ ಹಿಡಿಯಿತು. ಪಳಗಿದ ಮೇಲೆ ಅದೇ ನೇಕಾರರು ಹೊಟ್ಟೆಗಿಲ್ಲದೆ ಕೂತರು. ಗಿರಣಿಯಲ್ಲಿ ಕೆಲಸವೇನೋ ಇತ್ತು. ಆದರೆ ಮಾಲೀಕರಿಗೆ ಬೇಕಿದ್ದದ್ದು ಕಡಿಮೆ ಕೂಲಿಯ ಹೆಂಗಸರು, ಮಕ್ಕಳು. 9 ವರ್ಷದೊಳಗಿನ ಮಕ್ಕಳನ್ನು ದುಡಿಸಬೇಡಿ ಅನ್ನುವ ಕಾಯ್ದೆಗೆ ತಪಾಸಣೆಯ ಬಲ ಬಂದದ್ದು 1833ರಲ್ಲಿ. ಇಡೀ ದೇಶದ ಗಿರಣಿಗಳನ್ನು ತಪಾಸಣೆ ಮಾಡಲು ನೇಮಿಸಿದ್ದು 4 ಜನರನ್ನು!

ನಮ್ಮಲ್ಲೂ ಹಾಗೇ. ತುಂಗಭದ್ರಾ ಕಾಲುವೆ ನೀರು ಬಂದು ಜೋಳದ ಹೊಲ ನೆಲ್ಲಿನ ಗದ್ದೆಯಾಯಿತು. ಹೆಣ್ಣಾಳುಗಳಿಗೆ ಕೆಲಸ ಜಾಸ್ತಿಯಾಯಿತು. ಆಮೇಲೆ ಕಟಾವು ಮಷಿನ್. ಈಗ ಗದ್ದೆಗೆ ಹೋಗಿ ನೋಡಿ. ಮಷಿನ್ ತಿರುಗಲಾಗದ ಬದುವಿನ ಮೂಲೆಯನ್ನಷ್ಟೇ ಕುಡುಗೋಲಿನಲ್ಲಿ ಕೊಯ್ದು ಕೊಡಬೇಕು. ಒಬ್ಬಳು ಸಾಕು. ಹೊಸ ಕೆಲಸ ಹುಟ್ಟಿದೆ: ಡ್ರೈವರ್, ಮೆಕ್ಯಾನಿಕ್, ಬಿಡಿಭಾಗದ ಅಂಗಡಿ. ಅದು ನಿಮ್ಮವ್ವನಿಗೆ ಸಿಕ್ಕಿತಾ?

ಇನ್ನು ನಿಮ್ಮ ಬಿ.ಕಾಂ. ಬಿಲ್ ನೋಡಿ ಎಂಟ್ರಿ ಹೊಡೆಯುವುದಷ್ಟೇ ಕಲಿತರೆ ಹೆದರಬೇಕು. ರೈಸ್‌ಮಿಲ್ಲಿಗೆ ಬಂದ ನೆಲ್ಲಿಗೂ ಹೊರಗೆ ಹೋದ ಅಕ್ಕಿಗೂ ತಾಳೆಯಾಗದಿದ್ದಾಗ ತಪ್ಪು ಎಲ್ಲಿದೆ ಅಂತ ಹುಡುಕಿ, ಸಾಹುಕಾರನ ಎದುರು ನಿಂತು ಹೇಳಬಲ್ಲಿರಾ? ಅದನ್ನು ಕಲಿಯಿರಿ. ನಾನು ಪುಕ್ಕಲ, ಒಪ್ಪಿಕೊಳ್ಳುತ್ತೇನೆ. ಹಾಗಾಗಿ ಇನ್ನೊಂದು ಮಾತು: ಸಾಲ ಮಾಡಿ ಮಾತ್ರ ಏನನ್ನೂ ಕಲಿಯಬೇಡಿ.

ಪ್ರಶ್ನೆ: ಲಡ್ಡೈಟರು ಯಂತ್ರ ಕಂಡರಾಗದ ದಡ್ಡರಾ? (ರಾಯಚೂರು)

ಉತ್ತರ: ಇಂಗ್ಲೆಂಡಿನಲ್ಲಿ ಜವಳಿ ಯಂತ್ರ ಒಡೆದ ಅವರು, ಯಂತ್ರದ ಮೇಲೇ ದುಡಿಯುತ್ತಿದ್ದ ಕುಶಲ ಕೆಲಸಗಾರರು. ಸಿಟ್ಟು ಕೂಲಿ ಕಡಿತದ ಮೇಲೆ. ಯಂತ್ರ ಒಡೆದರೆ ಗಲ್ಲು ಅಂತ 1812ರಲ್ಲಿ ಕಾಯ್ದೆಯೇ ಬಂತು. ದಡ್ಡರಿಗೆ ಅಷ್ಟು ಹೆದರುತ್ತಾರಾ?

ಪ್ರಶ್ನೆ: ನಾಲ್ಕನೇ ಕೈಗಾರಿಕಾ ಕ್ರಾಂತಿ ಶುರುವಾದ ತಾರೀಖು? (ಬಳ್ಳಾರಿ)

ಉತ್ತರ: ಎಐ, ರೋಬೋಟ್‌ಗಳ ಕಾಲಕ್ಕೆ ಆ ಹೆಸರು ಕೊಟ್ಟು ಮುಹೂರ್ತ ಇಟ್ಟವರನ್ನೇ ಕೇಳಿ.

ಪ್ರಶ್ನೆ: 45 ದಿನದ ಎಐ ಕೋರ್ಸ್, ಕೆಲಸ ಗ್ಯಾರಂಟಿ ಅಂತಿದ್ದಾರೆ. ಮಗನನ್ನು ಸೇರಿಸಲಾ? (ಸಿಂಧನೂರು)

ಉತ್ತರ: ಬೇಡ. ನನ್ನ ತಂಗಿಯ ಮಗ ಇಂಥದ್ದಕ್ಕೇ ದುಡ್ಡು ಸುರಿದು ಬಂದ. ಎರಡನೇ ಸಲ ಅವನ ಜೊತೆ ನಾನೂ ಹೋಗಿ, ಆ ಗ್ಯಾರಂಟಿಯನ್ನು ಬಾಂಡ್ ಪೇಪರ್ ಮೇಲೆ ಬರೆದುಕೊಡಿ ಅಂದೆ. ಚಹಾ ತರಿಸಿದರು.