ಮನೆಯಲ್ಲಿ ಆಡುವ ಮಾತು

ನೀವು ಕೇಳಿದ್ದು ಅಮೆರಿಕದ ನಿಮ್ಮ ಕಚೇರಿಯ ಬಗ್ಗೆ. ಕಪ್ಪು ಜನರ ಇತಿಹಾಸವನ್ನು ನೆನೆಯುವ ಬ್ಲ್ಯಾಕ್ ಹಿಸ್ಟರಿ ತಿಂಗಳಿಗೆಂದು ನ್ಯೂಸ್‌ಲೆಟರ್‌ನಲ್ಲಿ ಸಹೋದ್ಯೋಗಿಯನ್ನು ಪರಿಚಯಿಸುತ್ತಾ ‘ಆಫ್ರಿಕನ್ ಅಮೆರಿಕನ್’ ಎಂದು ಬರೆದಿರಿ. ‘ನಾನು ಜಮೈಕಾದವಳು, ಬ್ಲ್ಯಾಕ್ ಅನ್ನಿ’ ಎಂದು ಅವರು ಎರಡು ಸಲ ಹೇಳಿದರೂ, ‘ಇದೇ ಸೇಫ್’ ಎಂದು ನಿಮ್ಮ ಮ್ಯಾನೇಜರ್ ಬದಲಿಸಗೊಡಲಿಲ್ಲ. ಇದರಲ್ಲಿ ನಿಮಗಿಂತ ಮ್ಯಾನೇಜರ್ ತಪ್ಪೇ ದೊಡ್ಡದು. ಆಕೆ ಯಾರೆಂದು ಆಕೆಗಿಂತ ಚೆನ್ನಾಗಿ ಅವರಿಗೆ ಗೊತ್ತೇ?

ಆದರೆ ನನ್ನನ್ನು ಕುಟುಕಿದ್ದು ನಿಮ್ಮ ಕೊನೆಯ ಸಾಲು: ‘ಮನೆಯಲ್ಲಿ ನಮ್ಮವರು ಅವರನ್ನು ನೀಗ್ರೋ ಅಂತಾರೆ, ಮಗನೂ ಅದನ್ನೇ ಕಲಿತಿದ್ದಾನೆ. ಕನ್ನಡದಲ್ಲಿ ತಾನೇ, ಪರವಾಗಿಲ್ಲ.’

ಪರವಾಗಿದೆ. ನಿಮ್ಮ ಮಗ ಶಾಲೆಯಲ್ಲಿ ಕನ್ನಡದಲ್ಲೇ ಮಾತಾಡಿದರೂ ಪಕ್ಕದ ಮಗುವಿಗೆ ಅರ್ಥವಾಗುವುದು ಅದೊಂದೇ ಪದ. ನಮ್ಮ ಹಳೆಯ ಪುಸ್ತಕಗಳಲ್ಲೂ ಇತ್ತಲ್ಲ ಎಂದು ನಿಮ್ಮ ಯಜಮಾನರು ವಾದಿಸಬಹುದು. ಇತ್ತು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದಲ್ಲೂ ಇತ್ತು. ಆ ದಶಕ ಮುಗಿಯುವ ಹೊತ್ತಿಗೆ ಆ ಜನರೇ ಅದನ್ನು ಕೈಬಿಟ್ಟು ‘ಬ್ಲ್ಯಾಕ್’ ಅನ್ನತೊಡಗಿದರು; 1988ರ ಸುಮಾರಿಗೆ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ ಮೊದಲಾದವರು ‘ಆಫ್ರಿಕನ್ ಅಮೆರಿಕನ್’ ಪರ ನಿಂತರು. ಹಳೆಯ ಪದವನ್ನು ಅಮೆರಿಕದ ಸಂಸತ್ತೇ 2016ರಲ್ಲಿ ಕಾಯ್ದೆಗಳಿಂದ ತೆಗೆದುಹಾಕಿತು. ಉಳಿದೆರಡರಲ್ಲಿ ಯಾವುದೆಂಬುದನ್ನು ಆಯಾ ವ್ಯಕ್ತಿಯೇ ಹೇಳಬೇಕು. ಗುಲಾಮಗಿರಿಯ ಕಾಲದಿಂದ ಅಲ್ಲೇ ಬೇರೂರಿದ ಮನೆತನದವರು ‘ಆಫ್ರಿಕನ್ ಅಮೆರಿಕನ್’ ಎಂದುಕೊಳ್ಳಬಹುದು. ಕೆರಿಬಿಯನ್‌ನಿಂದ ಬಂದವರಿಗೆ ಅದು ತಮ್ಮದಲ್ಲ ಅನ್ನಿಸಬಹುದು.

ಕಚೇರಿಯದು ಸುಲಭ. ಮ್ಯಾನೇಜರ್‌ಗೆ ಒಂದೇ ಸಾಲು ಬರೆಯಿರಿ: ‘ಅವರು ಹೇಳಿದಂತೆ ತಿದ್ದುತ್ತಿದ್ದೇನೆ.’ ಇಂಗ್ಲಿಷಿನಲ್ಲಿ ‘ಬ್ಲ್ಯಾಕ್’ ಪದದ ‘ಬಿ’ ದೊಡ್ಡಕ್ಷರವಿರಲಿ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2020ರಿಂದ ಹಾಗೇ ಬರೆಯುತ್ತಿದೆ. ‘ಬ್ಲ್ಯಾಕ್ಸ್’ ಬೇಡ, ‘ಬ್ಲ್ಯಾಕ್ ಪೀಪಲ್’ ಅನ್ನಿ. ಸಹೋದ್ಯೋಗಿಗೆ ‘ಕ್ಷಮಿಸಿ, ಸರಿಪಡಿಸಿದ್ದೇನೆ’ ಎಂದಷ್ಟೇ ಹೇಳಿ. ಉದ್ದುದ್ದ ಪಶ್ಚಾತ್ತಾಪ ತೋಡಿಕೊಂಡರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬರುತ್ತದೆ.

ಅದಕ್ಕೂ ಮೊದಲು, ಇವತ್ತು ರಾತ್ರಿ ಊಟಕ್ಕೆ ಕೂತಾಗ, ಮಗನ ಎದುರಿಗೇ ಯಜಮಾನರಿಗೆ ಹೇಳಿ: ‘ಆಕೆಗೆ ಹೆಸರಿದೆ, ಹೆಸರು ಹಿಡಿದು ಮಾತಾಡಿ.’ ಮಗ ಮಲಗಿದ ಮೇಲೆ ಬೇಡ. ಆ ಪದ ಕಲಿತಿರುವವನು ಅವನೇ.